ಪ್ರಿಂಟರ್ ಡ್ರೈವರ್ ಎಂಬ ಫೋಲ್ಡರ್

2023ರ ನವೆಂಬರ್ ಕೊನೆಯ ವಾರ. ತುಳಸಿ ಹಬ್ಬ ಮುಗಿದು ತಿಪಟೂರಿನ ಛತ್ರಗಳಲ್ಲಿ ಮದುವೆಗಳು ಶುರುವಾಗಿದ್ದವು. ರಾತ್ರಿ ಹನ್ನೊಂದರ ಹೊತ್ತಿಗೆ ಸ್ಟುಡಿಯೋದಲ್ಲಿ ಕೂತು ಆಲ್ಬಂ ಡಿಸೈನ್ ಮಾಡುತ್ತಿದ್ದೆ. ಕರೆಂಟ್ ಹೋಯಿತು. ಯುಪಿಎಸ್ ಎರಡು ಸಲ ಕೂಗಿ ಸುಮ್ಮನಾಯಿತು. ಅದರ ಬ್ಯಾಟರಿ ಸತ್ತು ಆರು ತಿಂಗಳಾಗಿತ್ತು. ಹೊಸದಕ್ಕೆ ಸಾವಿರ ಚಿಲ್ಲರೆ ರೂಪಾಯಿ. ಆ ಆರು ತಿಂಗಳಲ್ಲಿ ನಾನು ಬಡ್ಡಿಗೆಂದು ಕಟ್ಟಿದ್ದು ಲಕ್ಷ ದಾಟಿತ್ತು. ಬ್ಯಾಟರಿಗೆ ಮಾತ್ರ ಯಾವ ತಿಂಗಳೂ ದುಡ್ಡು ಉಳಿದಿರಲಿಲ್ಲ.

ಕರೆಂಟ್ ಬಂತು, ಕಂಪ್ಯೂಟರ್ ಬರಲಿಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಒಂದೇ ಸಾಲು, ಬೂಟ್ ಡಿವೈಸ್ ಸಿಗುತ್ತಿಲ್ಲ ಎಂದು. ಆಫ್ ಮಾಡಿ ಆನ್ ಮಾಡಿದೆ. ಹತ್ತು ಸಲವಾದರೂ ಮಾಡಿರಬೇಕು. ಕೊನೆಗೊಮ್ಮೆ ವಿಂಡೋಸ್ ಅರ್ಧ ಎದ್ದು ಡಿಸ್ಕ್ ಚೆಕ್ ಮಾಡಲಾ ಎಂದು ಕೇಳಿತು. ಮಾಡು ಅಂದೆ. ಬೆಳಗಿನ ಜಾವದವರೆಗೂ ಅದು ಶೇಕಡಾ 11ರಲ್ಲೇ ನಿಂತಿತ್ತು.

ಬೆಳಿಗ್ಗೆ ಸಿಪಿಯು ಹೊತ್ತುಕೊಂಡು ಒಂದು ಕಂಪ್ಯೂಟರ್ ಅಂಗಡಿಗೆ ಹೋದೆ. "ವಿಂಡೋಸ್ ಕರಪ್ಟ್ ಆಗಿದೆ ಅಣ್ಣ, ಹೊಸದಾಗಿ ಹಾಕಿದ್ರೆ ಸರಿ ಹೋಗುತ್ತೆ" ಎಂದ ಹುಡುಗ. ಫೋಟೋಗಳೆಲ್ಲ ಡಿ ಡ್ರೈವ್‌ನಲ್ಲಿವೆ, ಅದನ್ನು ಮುಟ್ಟಬೇಡಪ್ಪಾ ಎಂದು ಹೇಳಿ ಬಂದೆ. ಸಂಜೆ ಹೋಗಿ ನೋಡಿದರೆ ಡಿ ಡ್ರೈವೇ ಇಲ್ಲ. ಡಿಸ್ಕ್ ಪೂರ್ತಿ ಒಂದೇ ಭಾಗವಾಗಿ, ಹೊಸ ವಿಂಡೋಸ್ ನೀಲಿಯಾಗಿ ಹೊಳೆಯುತ್ತಿತ್ತು. "ಅದು ತೋರಿಸ್ತಾನೇ ಇರ್ಲಿಲ್ಲ ಅಣ್ಣ" ಎಂದ. ನಾನು 600 ರೂಪಾಯಿ ಕೊಟ್ಟು ಬಂದೆ. ಜಗಳ ಆಡಬೇಕಿತ್ತು. ಆದರೆ ಆ ದಿನಗಳಲ್ಲಿ ಯಾರ ಜೊತೆಗೂ ಜಗಳ ಆಡುವ ಶಕ್ತಿ ಇರಲಿಲ್ಲ. ನಾಲ್ಕು ಜನರಿಗೆ ಬಾಕಿ ಇರುವವನ ದನಿ ಐದನೆಯವನ ಮುಂದೆಯೂ ಏಳುವುದಿಲ್ಲ.

ಆ 2 ಟಿಬಿ ಡಿಸ್ಕ್‌ನಲ್ಲಿ 14 ಮದುವೆಗಳಿದ್ದವು. ನಮ್ಮ ಕಡೆ ಮದುವೆ ಫೋಟೋದ ವ್ಯವಹಾರ ಹೀಗೆ: ಅಡ್ವಾನ್ಸ್ ಸ್ವಲ್ಪ, ಧಾರೆಯ ದಿನ ಸ್ವಲ್ಪ, ಉಳಿದದ್ದು ಆಲ್ಬಂ ಕೈಗೆ ಬಂದಾಗ. ಈ 'ಉಳಿದದ್ದು' ಎನ್ನುವುದು ಎಪಿಎಂಸಿ ಹರಾಜಿನ ಕೊಬ್ಬರಿ ರೇಟಿಗೆ ಕಟ್ಟಿ ಹಾಕಿರುತ್ತದೆ. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಾಲ್‌ಗೆ 11,750 ಇತ್ತು, ಮಾರುಕಟ್ಟೆಯಲ್ಲಿ ಹತ್ತು ಸಾವಿರವೂ ಸಿಗುತ್ತಿರಲಿಲ್ಲ. "ರೇಟ್ ಬರ್ಲಿ, ಆಲ್ಬಂ ತಗೊಂಡು ಹೋಗ್ತೀವಿ" ಅನ್ನುವವರೇ ಜಾಸ್ತಿ. ಹಾಗೆ ನನಗೆ ಬರಬೇಕಾಗಿದ್ದ ಬಾಕಿ 3,60,000. ಫೋಟೋ ಇಲ್ಲದಿದ್ದರೆ ಬಾಕಿ ಹೋಗಲಿ, ಅಡ್ವಾನ್ಸ್ ವಾಪಸ್ ಕೊಡಬೇಕು.

ಬೆಂಗಳೂರಿನ ಡೇಟಾ ರಿಕವರಿ ಲ್ಯಾಬ್ ಒಂದಕ್ಕೆ ಫೋನ್ ಮಾಡಿದೆ. ನೋಡಿದ ಮೇಲೆ ಹೇಳ್ತೀವಿ, ಅಂದಾಜು 45,000 ಆಗಬಹುದು ಎಂದರು. ನಾನು ಮಾಡಿದ ಮೊದಲ ಲೆಕ್ಕ ಏನು ಗೊತ್ತಾ? ಯಾವ ಆ್ಯಪ್‌ನಲ್ಲಿ ಇನ್ನೂ 45,000 ಸಿಗುತ್ತದೆ ಎಂದು. ಫೋನ್ ತೆಗೆದು ಪ್ಲೇ ಸ್ಟೋರ್‌ನಲ್ಲಿ ಹುಡುಕುತ್ತಲೂ ಇದ್ದೆ.

ಅಷ್ಟರಲ್ಲಿ ಅಕ್ಕನ ಮಗ ಫೋನ್ ಮಾಡಿದ. ತುಮಕೂರಿನಲ್ಲಿ ಇಂಜಿನಿಯರಿಂಗ್ ಓದಿ ಅಲ್ಲೇ ಕೆಲಸದಲ್ಲಿದ್ದಾನೆ. ಅವನು ಕೇಳಿದ್ದು ಎರಡೇ ಪ್ರಶ್ನೆ. "ಮಾಮ, ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡ್ತಿದ್ಯಾ?" ಇಲ್ಲ ಅಂದೆ. "ಈಗ ಆನ್ ಆಗಿದ್ಯಾ?" ಹೌದು, ಹಳೆ ಫೋಟೋ ಏನಾದರೂ ಸಿಗುತ್ತೇನೋ ಅಂತ ಒಂದು ರಿಕವರಿ ಸಾಫ್ಟ್‌ವೇರ್ ಡೌನ್‌ಲೋಡ್ ಮಾಡ್ತಿದೀನಿ ಅಂದೆ.

"ಯಾವ ಡ್ರೈವ್‌ಗೆ?"

"ಇರೋದೇ ಒಂದಲ್ಲೇನೋ."

"ಮಾಮ, ಸ್ವಿಚ್ ಕಿತ್ತು ಹಾಕಿ. ಶಟ್‌ಡೌನೂ ಮಾಡ್ಬೇಡಿ. ಹಾಗೇ ವೈರ್ ಎಳೀರಿ."

ಅವನು ಭಾನುವಾರ ಬಂದು ವಿವರಿಸಿದ ಮೇಲೆ ನನಗೆ ಅರ್ಥವಾಯಿತು. ಡಿಸ್ಕ್ ಎಂದರೆ ಜಮೀನು ಎಂದುಕೊಳ್ಳಿ. ಯಾವ ಸರ್ವೆ ನಂಬರಿನಲ್ಲಿ ಯಾರಿದ್ದಾರೆ ಎನ್ನುವ ಪಹಣಿ ಬೇರೆ ಜಾಗದಲ್ಲಿರುತ್ತದೆ. ಫೈಲ್ ಡಿಲೀಟ್ ಮಾಡಿದರೆ ಪಹಣಿಯಲ್ಲಿ ಹೆಸರು ಹೊಡೆದು ಹಾಕುತ್ತಾರೆ ಅಷ್ಟೇ. ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಹೊಸ ಖಾಲಿ ಪಹಣಿ ಪುಸ್ತಕ ತಂದಿಡುತ್ತಾರೆ. ಜಮೀನಿನಲ್ಲಿ ಬೆಳೆ ಹಾಗೇ ನಿಂತಿರುತ್ತದೆ. ಆದರೆ ದಾಖಲೆಯಲ್ಲಿ ಖಾಲಿ ಎಂದಿರುವ ಜಮೀನನ್ನು ಮುಂದೆ ಬಂದವರು ಉಳುತ್ತಾರೆ. ಹೊಸ ವಿಂಡೋಸ್ ಹಾಕುವುದು, ಸಾಫ್ಟ್‌ವೇರ್ ಇಳಿಸುವುದು, ಅಷ್ಟೇ ಏಕೆ, ಸುಮ್ನೆ ಬ್ರೌಸರ್ ತೆರೆದು ಕೂರುವುದೂ ಉಳುಮೆಯೇ. ಒಮ್ಮೆ ಉತ್ತ ಮೇಲೆ ಯಾವ ಲ್ಯಾಬೂ ಏನೂ ಮಾಡಲಾಗದು. ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ ಹೊಸ ಥರದ ಡಿಸ್ಕ್) ಆಗಿದ್ದರೆ ಇಷ್ಟು ಅವಕಾಶವೂ ಇರುತ್ತಿರಲಿಲ್ಲವಂತೆ. ಅದರಲ್ಲಿ ಟ್ರಿಮ್ ಎನ್ನುವ ವ್ಯವಸ್ಥೆ ಇದೆ, ಹೆಸರು ಹೊಡೆದ ಜಮೀನನ್ನು ಅದು ತಾನೇ ಮುಂದಾಗಿ ಚೊಕ್ಕ ಮಾಡಿಬಿಡುತ್ತದೆ. ನನ್ನದು ಹಳೆಯ ಕಾಲದ, ತಿರುಗುವ ತಟ್ಟೆಯ ಡಿಸ್ಕ್. ಬಡತನಕ್ಕೆ ಅದೊಂದು ಲಾಭ.

ಟಕ್ ಟಕ್ ಸದ್ದಿನ ಪ್ರಶ್ನೆಗೂ ಕಾರಣ ಇತ್ತು. ಆ ಸದ್ದು ಬಂದರೆ ತಟ್ಟೆಯ ಮೇಲೆ ತೇಲುತ್ತಾ ಓದುವ ಹೆಡ್ ಕೆಟ್ಟಿದೆ ಎಂದರ್ಥ. ಆಗ ಮನೆಯಲ್ಲಿ ಯಾರೂ ಮುಟ್ಟಬಾರದು, ಒಂದೊಂದು ಸಲ ಆನ್ ಮಾಡಿದಾಗಲೂ ತಟ್ಟೆ ಗೀಚಿಹೋಗುವ ಭಯ. ಧೂಳಿಲ್ಲದ ಕೋಣೆಯಲ್ಲಿ ಬಿಚ್ಚಿ, ಅದೇ ಮಾಡೆಲ್ಲಿನ ಇನ್ನೊಂದು ಡಿಸ್ಕ್‌ನಿಂದ ಹೆಡ್ ತೆಗೆದು ಹಾಕುವವರಿಗೇ ಕೊಡಬೇಕು. ಅವರು ಕೇಳುವ ಹಣ ನ್ಯಾಯವಾದದ್ದೇ. ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತದೆ ಎಂದು ನನಗೂ ಒಬ್ಬರು ಹೇಳಿದ್ದರು. ಇಡಬೇಡಿ. ಹೊರಗೆ ತೆಗೆದಾಗ ಒಳಗೆ ನೀರು ಕಟ್ಟುತ್ತದೆ.

"ಮೊದಲು ಒಂದು ಹೊಸ ಡಿಸ್ಕ್ ಬೇಕು ಮಾಮ, ಇಷ್ಟೇ ದೊಡ್ಡದು. ಹಳೇದರ ಮೇಲೆ ಏನೂ ಪ್ರಯೋಗ ಮಾಡೋ ಹಾಗಿಲ್ಲ. ಪೂರ್ತಿ ನಕಲು ತಗೊಂಡು, ನಕಲಿನ ಮೇಲೆ ಕೆಲಸ ಮಾಡ್ಬೇಕು. ಐದೂವರೆ ಸಾವಿರ ಆಗುತ್ತೆ."

ನಾನು ತಲೆ ತಗ್ಗಿಸಿ "ನನ್ನ ಹತ್ರ ಇಲ್ಲ ಕಣೋ" ಅಂದೆ. ನಾಲ್ಕು ವರ್ಷದಲ್ಲಿ ಆ ವಾಕ್ಯ ಬಾಯಿಂದ ಬಂದಿದ್ದು ಅದೇ ಮೊದಲು. ಇಲ್ಲ ಅನ್ನುವ ಬದಲು ಎಲ್ಲಿಂದಲೋ ತಂದು ಇದೆ ಅನ್ನುವುದೇ ಅಭ್ಯಾಸವಾಗಿತ್ತು. ಅವನು ಒಂದು ಮಾತೂ ಕೇಳದೆ ಆರ್ಡರ್ ಮಾಡಿದ.

ಡಿಡಿರೆಸ್ಕ್ಯೂ ಎಂಬ ಪುಕ್ಕಟೆ ಪ್ರೋಗ್ರಾಂ, ಲಿನಕ್ಸ್‌ನಲ್ಲಿ ಓಡುತ್ತದೆ. ಅದರ ಜಾಣತನ ನನಗೆ ಬಹಳ ಇಷ್ಟವಾಯಿತು. ಕೆಟ್ಟ ಜಾಗ ಸಿಕ್ಕರೆ ಅಲ್ಲೇ ಹಟ ಹಿಡಿದು ಕೂರುವುದಿಲ್ಲ. ಗುರುತು ಹಾಕಿಕೊಂಡು ಮುಂದೆ ಹೋಗಿ, ಮೊದಲು ಚೆನ್ನಾಗಿರುವುದನ್ನೆಲ್ಲ ಎತ್ತಿಕೊಳ್ಳುತ್ತದೆ. ಆಮೇಲೆ ಕೆಟ್ಟ ಜಾಗಗಳಿಗೆ ಒಂದೊಂದಾಗಿ ವಾಪಸ್ ಬರುತ್ತದೆ. ನಾಲ್ಕು ದಿನ ಹಗಲೂ ರಾತ್ರಿ ಓಡಿತು. ಸೀಲಿಂಗ್ ಫ್ಯಾನ್ ನಿಲ್ಲಿಸಿ ಟೇಬಲ್ ಫ್ಯಾನನ್ನು ಡಿಸ್ಕ್ ಕಡೆ ತಿರುಗಿಸಿಟ್ಟು, ನಾವು ಸೊಳ್ಳೆ ಕಚ್ಚಿಸಿಕೊಂಡು ಮಲಗಿದೆವು. ಕೊನೆಗೆ ಶೇಕಡಾ 99ಕ್ಕಿಂತ ಸ್ವಲ್ಪ ಹೆಚ್ಚು ಬಂತು. ಬಾರದೇ ಹೋದ ಚೂರಿನಲ್ಲಿ ಡಿ ಡ್ರೈವಿನ ಪಹಣಿಯೂ ಇತ್ತು. ನನ್ನ ಅದೃಷ್ಟ.

ಪಹಣಿ ಇಲ್ಲದೆ ಜಮೀನು ಹುಡುಕುವ ಪ್ರೋಗ್ರಾಮೂ ಇದೆ, ಫೋಟೋರೆಕ್ ಎಂದು. ಅದೂ ಪುಕ್ಕಟೆ. ಪ್ರತಿ ಜೆಪೆಗ್ ಫೈಲ್ ಶುರುವಾಗುವುದು ಒಂದೇ ಥರದ ಮೂರು ಬೈಟ್‌ಗಳಿಂದ. ಎಕ್ಸೆಲ್‌ಗೆ ಅದರದೇ ತಲೆಗುರುತು, ಕ್ಯಾನನ್ ಕ್ಯಾಮೆರಾದ ರಾ ಫೈಲಿಗೆ ಅದರದೇ. ಫೋಟೋರೆಕ್ ಡಿಸ್ಕ್‌ನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುತ್ತಾ, ಈ ಗುರುತು ಕಂಡಲ್ಲೆಲ್ಲ ಫೈಲ್ ಎತ್ತುತ್ತದೆ. ಆದರೆ ಹೆಸರು ಬರುವುದಿಲ್ಲ, ಫೋಲ್ಡರ್ ಬರುವುದಿಲ್ಲ. ಎಲ್ಲಕ್ಕೂ ಎಫ್ ಅಕ್ಷರ, ಮುಂದೆ ಉದ್ದನೆಯ ನಂಬರ್. ಒಂದೊಂದು ಫೋಲ್ಡರಿಗೆ 500ರಂತೆ ತುಂಬಿಕೊಡುತ್ತದೆ. ನಮಗೆ ಸಿಕ್ಕಿದ್ದು 61,000 ಚಿಲ್ಲರೆ. 14 ಮದುವೆ, ನೂರಾರು ಪಾಸ್‌ಪೋರ್ಟ್ ಫೋಟೋ, ಲಗ್ನಪತ್ರಿಕೆ, ತಿಥಿ ಕಾರ್ಡು, ಯಾರದ್ದೋ ಆಧಾರ್ ಜೆರಾಕ್ಸು, ಎಲ್ಲ ಕಲಸಿ ರಾಶಿ.

ಈ ರಾಶಿ ಬಿಡಿಸಲು ಕೂತವಳು ನನ್ನ ಹೆಂಡತಿ.

ಅವಳು ಸೀರೆಗೆ ಕುಚ್ಚು ಕಟ್ಟುತ್ತಾಳೆ. ಅದಕ್ಕಿಂತ ಮುಖ್ಯವಾಗಿ, ಬೀದಿಯ ಸ್ತ್ರೀಶಕ್ತಿ ಸಂಘದ ಪುಸ್ತಕ ಬರೆಯುವವಳು. ಫೋಟೋದ ಹೆಸರು ಹೋದರೂ ತೆಗೆದ ದಿನಾಂಕ ಫೋಟೋದ ಒಳಗೇ ಬರೆದಿರುತ್ತದೆ. ಅಳಿಯ ದಿನಾಂಕದ ಪ್ರಕಾರ ಜೋಡಿಸಿಕೊಟ್ಟ. ಒಂದೇ ಮುಹೂರ್ತಕ್ಕೆ ನಾನು ಒಂದು ಮದುವೆ, ನನ್ನ ಸ್ಟುಡಿಯೋದ ಹುಡುಗ ಇನ್ನೊಂದು ಮದುವೆ ಮಾಡಿದ್ದೆವಲ್ಲ, ಅಂಥವನ್ನು ಇವಳು ಸೀರೆ ನೋಡಿ ಬೇರೆ ಮಾಡಿದಳು. ಈ ಬಾರ್ಡರ್ ಹೊನ್ನವಳ್ಳಿ ಕಡೆಯವರ ಮನೆ ಮದುವೆದು, ಇದಕ್ಕೆ ಕುಚ್ಚು ಕಟ್ಟಿದ್ದು ನಾನೇ, ಎಂದು. ದಿನಾಂಕ ಇಲ್ಲದ ಫೈಲ್‌ಗಳನ್ನು ಮಾತ್ರ ಒಂದೊಂದಾಗಿ ತೆರೆದೇ ನೋಡಬೇಕಿತ್ತು.

ನನ್ನ ಡಿ ಡ್ರೈವ್‌ನಲ್ಲಿ 'ಪ್ರಿಂಟರ್ ಡ್ರೈವರ್' ಎಂಬ ಫೋಲ್ಡರ್ ಇತ್ತು. ಅದರೊಳಗೆ 'ಓಲ್ಡ್', ಅದರೊಳಗೆ 'ಎಪ್ಸನ್'. ಅದರೊಳಗೆ ಒಂದು ಎಕ್ಸೆಲ್ ಫೈಲ್. ನಾಲ್ಕು ವರ್ಷದಿಂದ ಯಾರ ಕಣ್ಣಿಗೂ ಬೀಳದ ಹಾಗೆ ನಾನು ಅದರಲ್ಲಿ ಸಾಲದ ಲೆಕ್ಕ ಬರೆದಿಡುತ್ತಿದ್ದೆ. ಬಚ್ಚಿಡಲು ನಾನು ಹಾಕಿದ್ದ ಹೆಸರುಗಳೆಲ್ಲ ಪಹಣಿಯ ಜೊತೆಗೇ ಹೋಗಿದ್ದವು. ಈಗ ಅದೂ ಎಫ್ ಅಕ್ಷರದ ಒಂದು ಫೈಲ್. ತಿಥಿ ಕಾರ್ಡಿನ ಪಕ್ಕದಲ್ಲಿ ಮುಸುಕಿಲ್ಲದೆ ಕೂತಿತ್ತು. ಇದು ನನಗೆ ಹೊಳೆದೇ ಇರಲಿಲ್ಲ.

ಡಿಸೆಂಬರ್ ಮೂರನೇ ವಾರ, ಅರಸೀಕೆರೆಯಲ್ಲಿ ಒಂದು ಶಾಲೆಯ ವಾರ್ಷಿಕೋತ್ಸವ ಮುಗಿಸಿ ರಾತ್ರಿ ಮನೆಗೆ ಬಂದೆ. ಊಟಕ್ಕೆ ಮುಚ್ಚಿಟ್ಟಿತ್ತು. ಅವಳು ಹಳೆಯ ಲಗ್ನಪತ್ರಿಕೆಯೊಂದರ ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಏನೋ ಕೂಡುತ್ತಿದ್ದಳು.

"ಚೀಟಿ ಎರಡು ಸಲ ಸೇರಿಸಿದ್ದೀರ" ಎಂದಳು.

ನನಗೆ ಮೊದಲು ಅರ್ಥವಾಗಲಿಲ್ಲ.

"ಮೇಲೊಂದ್ಸಲ, ಕೆಳಗೊಂದ್ಸಲ. ಹನ್ನೊಂದು ಲಕ್ಷದ ಮೂರು ಸಾವಿರ ಅಲ್ಲ ಇದು. ಹತ್ತು ಲಕ್ಷದ ನಲವತ್ತಮೂರು."

ನಾನು ಕ್ಯಾಮೆರಾ ಬ್ಯಾಗ್ ಹೆಗಲಲ್ಲೇ ಇಟ್ಟುಕೊಂಡು ನಿಂತಿದ್ದೆ. ಅವಳು ಪೆನ್ಸಿಲ್ ಕೆಳಗಿಟ್ಟಳು.

"ಸರ ಲಾಕರ್‌ನಲ್ಲಿಲ್ಲ ಅಲ್ವಾ?"

ಅವಳಿಗೆ ನಾನು ಹೇಳಿದ್ದ ಸಾಲ ಮೂರು ಲಕ್ಷ. ಅವಳ ತವರಿನವರು ಹಾಕಿದ್ದ 42 ಗ್ರಾಮಿನ ಅವಲಕ್ಕಿ ಸರ ಬ್ಯಾಂಕ್ ಲಾಕರ್‌ನಲ್ಲಿದೆ ಎಂದು ಹೇಳಿದ್ದೆ. ಬ್ಯಾಂಕ್‌ನಲ್ಲಿತ್ತು ಅನ್ನುವುದೇನೋ ನಿಜ. ಲಕ್ಷದ ಮೂವತ್ತು ಸಾವಿರಕ್ಕೆ ಅಡವಿತ್ತು.

ಆ ರಾತ್ರಿಯ ಉಳಿದ ಮಾತು ನಮ್ಮಿಬ್ಬರ ನಡುವೆ ಇರಲಿ.

ಸಾಲ ಹೇಗಾಯಿತು ಎನ್ನುವುದರಲ್ಲಿ ವಿಶೇಷ ಏನೂ ಇಲ್ಲ. 2019ರಲ್ಲಿ ಹೊಸ ಕ್ಯಾಮೆರಾ ಮತ್ತು ಡ್ರೋನ್‌ಗೆಂದು ಪರ್ಸನಲ್ ಲೋನ್. 2020ರ ಮಾರ್ಚ್‌ನಲ್ಲಿ ಮದುವೆಗಳು ನಿಂತವು. ರಿಸರ್ವ್ ಬ್ಯಾಂಕ್ ಆಗಸ್ಟ್ 31ರವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತು. ನಾನು ಅದನ್ನು ಮಾಫಿ ಎಂದೇ ತಿಳಿದಿದ್ದೆ. ಮುಂದೂಡಿದ ತಿಂಗಳುಗಳ ಬಡ್ಡಿ ಅಸಲಿಗೆ ಸೇರಿ ಕಂತುಗಳು ಬೆಳೆದಿದ್ದವು. ಕಂತು ಕಟ್ಟಲು ಕ್ರೆಡಿಟ್ ಕಾರ್ಡ್, ಕಾರ್ಡ್ ಕಟ್ಟಲು ಇನ್ನೊಂದು ಕಾರ್ಡ್, ಅದಕ್ಕೆ ತಿಂಗಳಿಗೆ ನೂರಕ್ಕೆ ಐದರಂತೆ ಎರಡು ಲಕ್ಷ ಕೈಸಾಲ, ಜೊತೆಗೆ ಖಾಲಿ ಚೆಕ್ಕಿಗೆ ಸಹಿ. ಚೀಟಿಯನ್ನು ಮೂರನೇ ತಿಂಗಳಿಗೇ ಜಾಸ್ತಿ ಕೂಗಿ ಎತ್ತಿದೆ. ಕೊನೆಗೆ ಆ್ಯಪ್‌ಗಳು.

ಆ್ಯಪ್‌ಗಳ ಬಗ್ಗೆ ಒಂದು ಮಾತು. ಐದು ಸಾವಿರ ಕೇಳಿದರೆ ಕೈಗೆ ಬರುವುದು ಮೂರು ಚಿಲ್ಲರೆ, ಏಳನೇ ದಿನಕ್ಕೆ ಐದು ಕಟ್ಟಬೇಕು. ಒಂದು ದಿನ ತಡವಾಗಿದ್ದಕ್ಕೆ ನನ್ನ ಫೋನ್‌ನ ನಂಬರ್‌ಗಳಿಗೆಲ್ಲ ನನ್ನ ತಲೆ ಅಂಟಿಸಿದ ಅಸಹ್ಯ ಫೋಟೋ ಹೋಯಿತು. ನನ್ನ ಗಿರಾಕಿಗಳಿಗೆ, ಛತ್ರದ ಮ್ಯಾನೇಜರ್‌ಗೆ, ಮಗಳ ಮೇಷ್ಟರಿಗೆ. ಆ ಸಂಕಟದಲ್ಲೂ ನನ್ನ ಕಣ್ಣು ಹೋಗಿದ್ದು ಕತ್ತಿನ ಹತ್ತಿರದ ಕಟಿಂಗ್ ಮೇಲೆ. ಎಂಥ ದರಿದ್ರ ಕೆಲಸ. ಬೆಳಕು ಒಂದು ಕಡೆಯಿಂದ, ನೆರಳು ಇನ್ನೊಂದು ಕಡೆಗೆ. ಇಪ್ಪತ್ತು ವರ್ಷ ಫೋಟೋಶಾಪ್ ಮಾಡಿದವನ ಮಾನ ಹೀಗೆ ಹರಾಜಾಗಬೇಕೇ ಅನ್ನಿಸಿತು.

2022ರ ಸೆಪ್ಟೆಂಬರ್‌ನಲ್ಲೇ ರಿಸರ್ವ್ ಬ್ಯಾಂಕ್ ಇದಕ್ಕೆಲ್ಲ ನಿಯಮ ಮಾಡಿತ್ತು. ಸಾಲದ ಆ್ಯಪ್ ನಿಮ್ಮ ಕಾಂಟ್ಯಾಕ್ಟ್ ಪಟ್ಟಿ, ಗ್ಯಾಲರಿ ಮುಟ್ಟುವಂತಿಲ್ಲ. ಹಣ ಕೊಡುತ್ತಿರುವ ಬ್ಯಾಂಕ್ ಅಥವಾ ಹಣಕಾಸು ಕಂಪನಿ ಯಾವುದು ಎಂದು ಮೊದಲೇ ಹೇಳಬೇಕು. ಅದಕ್ಕೂ ಒಂದು ತಿಂಗಳು ಮುಂಚೆ, ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡಬಾರದು ಎಂದೂ ಹೇಳಿತ್ತು. ನನಗೆ ಬರುತ್ತಿದ್ದ ಫೋನುಗಳು ಬೆಳಿಗ್ಗೆ ಆರಕ್ಕೇ ಶುರು. ನಿಯಮ ಇದೆ ಎಂದು ಗೊತ್ತಿದ್ದರೆ ತಾನೇ ಕೇಳುವುದು? ಕೇಳಲು ಬಾಯಿ ಬೇಕು, ಬಾಯಿ ಬಿಟ್ಟರೆ ಮನೆಯಲ್ಲಿ ಗೊತ್ತಾಗುತ್ತದೆ.

ಈಗ ಯೋಚಿಸಿದರೆ ಸಾಲದ ವಿಷಯದಲ್ಲೂ ನಾನು ಮಾಡುತ್ತಿದ್ದುದು ಅದೇ ಉಳುಮೆ. ಮೊದಲ ಪರ್ಸನಲ್ ಲೋನ್ ಒಂದೇ ಇದ್ದಿದ್ದರೆ ಹೇಗೋ ತೀರುತ್ತಿತ್ತು. ಅದನ್ನು ಮುಚ್ಚಲು ಗಾಬರಿಯಲ್ಲಿ ಅದರ ಮೇಲೆ ಬರೆದ ಹೊಸ ಸಾಲಗಳೇ ನನ್ನನ್ನು ಮುಗಿಸಿದ್ದು. ವೈರ್ ಎಳೀರಿ ಎಂದು ಹೇಳುವವರು ಯಾರೂ ಇರಲಿಲ್ಲ. ಇರಲಿಲ್ಲ ಎಂದರೆ ಸುಳ್ಳು, ನಾನು ಯಾರಿಗೂ ಹೇಳಿರಲಿಲ್ಲ.

ಆಮೇಲಿನ ದಾರಿ ಹುಡುಕಿದವಳು ಅವಳೇ. ಸಂಘದ ಮೀಟಿಂಗ್‌ಗೆ ಹಿಂದೊಮ್ಮೆ ಆರ್ಥಿಕ ಸಾಕ್ಷರತಾ ಕೇಂದ್ರದವರು ಬಂದು ಮಾತಾಡಿದ್ದರಂತೆ. ಬ್ಯಾಂಕ್‌ಗಳು ನಡೆಸುವ ಈ ಕೇಂದ್ರಗಳಲ್ಲಿ ಸಲಹೆ ಪುಕ್ಕಟೆ. ಅಲ್ಲಿ ಕೂರುವವರು ಹೆಚ್ಚಾಗಿ ನಿವೃತ್ತ ಬ್ಯಾಂಕ್ ಅಧಿಕಾರಿಗಳು. 2024ರ ಸಂಕ್ರಾಂತಿ ಕಳೆದ ವಾರ ನನ್ನನ್ನು ಕರೆದುಕೊಂಡು ಹೋದಳು. ಹೌದು, ಕರೆದುಕೊಂಡೇ ಹೋದಳು. ಬಸ್ಸಿನಲ್ಲಿ ನಾನು ಎರಡು ಸಲ ಇಳಿದು ಬಿಡೋಣ ಎಂದುಕೊಂಡೆ.

ಅಲ್ಲಿದ್ದ ಹಿರಿಯರು ನನ್ನ ಕಥೆ ಕೇಳಲಿಲ್ಲ. ಪಟ್ಟಿ ಕೇಳಿದರು. ಲಗ್ನಪತ್ರಿಕೆಯ ಹಿಂಬದಿಯನ್ನೇ ಕೊಟ್ಟಳು. ಅವರು ಪ್ರತಿ ಸಾಲದ ಮುಂದೆ ವರ್ಷದ ಬಡ್ಡಿ ಬರೆಯುತ್ತಾ ಹೋದರು. ಕೈಸಾಲದ ಮುಂದೆ 60 ಎಂದು ಬರೆದು ಪೆನ್ನು ನಿಲ್ಲಿಸಿದರು. "ಎಷ್ಟು ತಿಂಗಳು ಕಟ್ಟಿದ್ದೀರಿ?" ಇಪ್ಪತ್ತೆರಡು. "ಅಂದ್ರೆ ಎರಡು ಲಕ್ಷ ಇಪ್ಪತ್ತು ಸಾವಿರ ಬಡ್ಡಿಗೇ ಹೋಗಿದೆ. ಅಸಲು ಹಾಗೇ ನಿಂತಿದೆ." ಕರ್ನಾಟಕದಲ್ಲಿ ಲೈಸೆನ್ಸ್ ಪಡೆದ ಲೇವಾದೇವಿಯವರು ಅಡಮಾನ ಇಲ್ಲದ ಸಾಲಕ್ಕೆ ವರ್ಷಕ್ಕೆ ನೂರಕ್ಕೆ 16ಕ್ಕಿಂತ ಹೆಚ್ಚು ಹಾಕುವಂತಿಲ್ಲ ಎಂದು ಅವರು ಹೇಳಿದಾಗ ನನ್ನ ಹೆಂಡತಿ ನನ್ನ ಮುಖ ನೋಡಿದಳು. ನಾನು ಕಿಟಕಿ ನೋಡಿದೆ.

ಆಮೇಲೆ ಕಾರ್ಡು. ಮೊದಲ ಕಾರ್ಡಿನಲ್ಲಿ 1,80,000 ಇತ್ತು. ತಿಂಗಳಿಗೆ ಮೂರೂವರೆಯಂತೆ ಬಡ್ಡಿ 6,300. ಬಡ್ಡಿಯ ಮೇಲೆ ಶೇಕಡಾ 18 ಜಿಎಸ್‌ಟಿ, 1,134. ನಾನು ಪ್ರತಿ ತಿಂಗಳು ಹೆಮ್ಮೆಯಿಂದ ತಪ್ಪದೆ ಕಟ್ಟುತ್ತಿದ್ದ ಮಿನಿಮಮ್ 9,000. ಅದರಲ್ಲಿ ಅಸಲಿಗೆ ಹೋಗುತ್ತಿದ್ದುದು 1,566 ರೂಪಾಯಿ. ಮಿನಿಮಮ್ ಕಟ್ಟಿದರೆ ಆಯಿತು, ಕಾರ್ಡ್ ಸರಿಯಾಗಿದೆ ಎಂದೇ ನಾನು ನಂಬಿದ್ದೆ. ನನ್ನಂತೆ ನಂಬಿದವರು ನಮ್ಮ ಪೇಟೆಯಲ್ಲೇ ಎಷ್ಟೋ ಜನ.

ಅವರು ಹೇಳಿದ್ದು ಸರಳ. ಇವತ್ತಿನಿಂದ ಒಂದು ರೂಪಾಯಿ ಹೊಸ ಸಾಲ ಇಲ್ಲ. ಕಾರ್ಡ್ ಕತ್ತರಿಸಿ. ಚಿನ್ನದ ಬಡ್ಡಿ ಮಾತ್ರ ತಪ್ಪಿಸಬೇಡಿ, ಹರಾಜಿಗೆ ಬಂದರೆ ಮತ್ತೆ ಸಿಗುವುದಿಲ್ಲ. ದೊಡ್ಡ ಕಾರ್ಡಿನ ಬಾಕಿಯನ್ನು ಕಡಿಮೆ ಬಡ್ಡಿಯ ಕಂತಾಗಿ ಮಾಡಿಕೊಡಿ ಎಂದು ಬ್ಯಾಂಕ್‌ಗೆ ಬರಹದಲ್ಲಿ ಕೇಳಿ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಶುಲ್ಕ ಇಲ್ಲ. ಉತ್ತರ ಇಪ್ಪತ್ತಾರನೇ ದಿನ ಬಂತು, ಅಷ್ಟು ದೂರ ಹೋಗಬೇಕಾಗಲಿಲ್ಲ. ಚಿಕ್ಕ ಕಾರ್ಡಿನವರು 95,000ಕ್ಕೆ 52,000 ಕೊಟ್ಟು ಮುಗಿಸಿ ಎಂದರು. ಒಪ್ಪಿಕೊಂಡೆ. ಆದರೆ ಹಾಗೆ ಮುಗಿಸಿದ ಸಾಲ, ಸಾಲದ ಚರಿತ್ರೆ ಇಡುವ ಸಿಬಿಲ್‌ನಲ್ಲಿ 'ಕ್ಲೋಸ್ಡ್' ಎಂದು ಬರುವುದಿಲ್ಲ, 'ಸೆಟಲ್ಡ್' ಎಂದು ಬರುತ್ತದೆ. ಆ ಒಂದು ಪದ ವರ್ಷಗಟ್ಟಲೆ ಕೂತು ಮುಂದಿನ ಸಾಲಕ್ಕೆ ಅಡ್ಡ ಬರುತ್ತದೆ ಎಂದು ಆ ಹಿರಿಯರು ಮೊದಲೇ ಎಚ್ಚರಿಸಿದ್ದರು. "ಅಡ್ಡ ಬರ್ಲಿ ಬಿಡಿ ಸಾರ್, ಅದೇ ಬೇಕಾಗಿರೋದು" ಎಂದಳು ಇವಳು.

ಮುಜುಗರದ ಇನ್ನೊಂದು ಸಂಗತಿ. ಹಿಂದಿನ ವರ್ಷ ನಾನು ಯೂಟ್ಯೂಬ್ ಜಾಹೀರಾತು ನೋಡಿ, ಸಾಲ ಅರ್ಧಕ್ಕೆ ಇಳಿಸಿಕೊಡುತ್ತೇವೆ ಎನ್ನುವ ಒಂದು ಕಂಪನಿಗೆ 12,000 ಕಟ್ಟಿದ್ದೆ. ಮೊದಲೇ ಫೀಸು. ಅವರು ಹೇಳಿದ್ದು ಇಷ್ಟೇ: ಎಲ್ಲಾ ಕಂತು ನಿಲ್ಲಿಸಿ, ಫೋನ್ ಎತ್ತಬೇಡಿ. ಹದಿನೈದು ದಿನಕ್ಕೆ ಅವರೂ ಫೋನ್ ಎತ್ತುವುದು ನಿಲ್ಲಿಸಿದರು. ಆ ರಿಕವರಿ ಲ್ಯಾಬಿನವರು ಡೇಟಾ ಬಂದರೆ ಮಾತ್ರ ದುಡ್ಡು ಅಂದಿದ್ದರು. ಸಾಲ ಬಿಡಿಸುವ ಅಂಗಡಿಗಳಲ್ಲಿ ಆ ಮರ್ಯಾದೆಯೂ ಇರಲಿಲ್ಲ.

ಆ್ಯಪ್‌ಗಳಲ್ಲಿ ಒಂದರ ಹಿಂದೆ ನೋಂದಾಯಿತ ಕಂಪನಿ ಇತ್ತು, 21,000 ಕಟ್ಟಿ ಮುಗಿಸಿದೆ. ಇನ್ನೊಂದರ ಹಿಂದೆ ಯಾರೂ ಇರಲಿಲ್ಲ. ಸೈಬರ್ ಅಪರಾಧದ ಪೋರ್ಟಲ್‌ನಲ್ಲಿ, ರಿಸರ್ವ್ ಬ್ಯಾಂಕಿನ ಸಚೇತ್ ಪೋರ್ಟಲ್‌ನಲ್ಲಿ ದೂರು ಬರೆದು, ಆ ಫೋಟೋ ತಲುಪಿದವರಿಗೆಲ್ಲ ನಾನೇ ಒಂದು ಮೆಸೇಜ್ ಹಾಕಿದೆ: ಸಾಲ ಮಾಡಿದ್ದೇನೆ, ಅವರು ಹೀಗೆ ಮಾಡುತ್ತಿದ್ದಾರೆ, ಬ್ಲಾಕ್ ಮಾಡಿ ಎಂದು. ಕಳಿಸುವ ಮುಂಚೆ ಕೈ ನಡುಗಿತು. ಕಳಿಸಿದ ಮೇಲೆ ಹನ್ನೊಂದು ಜನ ವಾಪಸ್ ಫೋನ್ ಮಾಡಿದರು. ಅದರಲ್ಲಿ ನಾಲ್ಕು ಜನ ತಮ್ಮದೂ ಇದೇ ಪಾಡು ಎಂದರು. ಛತ್ರದ ಮ್ಯಾನೇಜರ್ ಅವರಲ್ಲೊಬ್ಬ.

ಕೈಸಾಲದವರು ಮಾತ್ರ ಸುಲಭಕ್ಕೆ ಬಿಡಲಿಲ್ಲ. ಬಡ್ಡಿ ನಿಲ್ಲಿಸಿದ ತಿಂಗಳೇ ಖಾಲಿ ಚೆಕ್ಕಿಗೆ ನಾಲ್ಕು ಲಕ್ಷ ಬರೆದು ಬ್ಯಾಂಕ್‌ಗೆ ಹಾಕಿದರು. ಬೌನ್ಸ್. ವಕೀಲರ ನೋಟಿಸ್ ಬಂತು, ಹದಿನೈದು ದಿನದಲ್ಲಿ ಕಟ್ಟಿ ಎಂದು. ಸಾಲ ತೀರಿಸಲಾಗದಿದ್ದಕ್ಕೆ ಯಾರೂ ಜೈಲಿಗೆ ಹಾಕುವುದಿಲ್ಲ, ಚೆಕ್ ಬೌನ್ಸ್ ಬೇರೆ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್‌ನಲ್ಲಿ ಎರಡು ವರ್ಷದವರೆಗೆ ಶಿಕ್ಷೆಗೆ ಅವಕಾಶ ಇದೆ. ಆ ನೋಟಿಸನ್ನು ಹಿಂದಿನ ನಾನಾಗಿದ್ದರೆ ಪ್ರಿಂಟರ್ ಡ್ರೈವರ್ ಫೋಲ್ಡರಿಗೆ ಹಾಕುತ್ತಿದ್ದೆ. ಈ ಸಲ ನೇರ ಕೋರ್ಟ್ ಆವರಣದ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋದೆವು. ಆದಾಯ ಮಿತಿಯೊಳಗಿದ್ದರೆ ವಕೀಲರನ್ನು ಪುಕ್ಕಟೆಯಾಗಿ ಕೊಡುತ್ತಾರೆ. ಹೆಂಗಸರಿಗಾದರೆ ಆದಾಯದ ಲೆಕ್ಕವೇ ಇಲ್ಲ. ಬಡ್ಡಿ ಕಟ್ಟಿದ್ದಕ್ಕೆ ರಸೀದಿ ಇರಲಿಲ್ಲ, ಆದರೆ ಹದಿನೇಳು ತಿಂಗಳು ಯುಪಿಐನಲ್ಲಿ ಕಳಿಸಿದ್ದೆ. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ತಿಂಗಳಿಗೊಂದು ಹತ್ತು ಸಾವಿರ ಸಾಲಾಗಿ ನಿಂತಿತ್ತು.

2024ರ ಸೆಪ್ಟೆಂಬರ್ 14ರ ಲೋಕ ಅದಾಲತ್‌ನಲ್ಲಿ ಕೂತು ಮಾತಾಡಿದೆವು. ಆ ಸ್ಟೇಟ್‌ಮೆಂಟ್ ನೋಡಿದ ಮೇಲೆ ಎದುರಿನವರ ದನಿ ಇಳಿಯಿತು. 1,40,000ಕ್ಕೆ ಒಪ್ಪಂದ, ಇಪ್ಪತ್ತು ಸಾವಿರದಂತೆ ಏಳು ಕಂತು. ಲೋಕ ಅದಾಲತ್‌ನ ತೀರ್ಮಾನಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬೆಲೆ, ಅದರ ಮೇಲೆ ಅಪೀಲಿಲ್ಲ. ಆರು ತಿಂಗಳು ಕಳೆದ ಮೇಲೆ, 2025ರಲ್ಲಿ, ಲೈಸೆನ್ಸ್ ಇಲ್ಲದೆ ಸಾಲ ಕೊಟ್ಟು ಕಿರುಕುಳ ಕೊಡುವವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡದ ಕಾನೂನು ಕರ್ನಾಟಕದಲ್ಲಿ ಬಂತು. ಸ್ವಲ್ಪ ಕಾದಿದ್ದರೆ ಚೆನ್ನಾಗಿತ್ತು ಎಂದು ಒಬ್ಬರು ಅಂದರು. ನನಗೆ ಹಾಗನ್ನಿಸಲಿಲ್ಲ. ಕಾದು ಕಾದೇ ಅಲ್ಲಿಗೆ ಬಂದಿದ್ದೆ.

ಮದುವೆಗಳ ಕಥೆ ಹೇಳುವುದು ಬಾಕಿ. 14ರಲ್ಲಿ 13 ಹೆಚ್ಚುಕಡಿಮೆ ಪೂರ್ತಿ ಬಂದವು. ವಿಡಿಯೋಗಳು ಅಷ್ಟು ಚೆನ್ನಾಗಿ ಬರಲಿಲ್ಲ, ದೊಡ್ಡ ಫೈಲ್‌ಗಳು ಡಿಸ್ಕ್‌ನಲ್ಲಿ ಚೂರು ಚೂರಾಗಿ ಹರಡಿಕೊಂಡಿರುತ್ತವೆ, ಫೋಟೋರೆಕ್‌ಗೆ ಅವನ್ನು ಜೋಡಿಸಲು ಬರುವುದಿಲ್ಲ. ಒಂದು ಮದುವೆ ಮಾತ್ರ ಒಂದು ಫೋಟೋವೂ ಉಳಿಯದೆ ಹೋಯಿತು. ಕೆಲಸಕ್ಕೆ ಸುಲಭ ಅಂತ ಅದನ್ನು ಡೆಸ್ಕ್‌ಟಾಪ್ ಮೇಲೇ ಇಟ್ಟುಕೊಂಡಿದ್ದೆ. ಡೆಸ್ಕ್‌ಟಾಪ್ ಎಂದರೆ ಸಿ ಡ್ರೈವ್. ಹೊಸ ವಿಂಡೋಸ್ ಉತ್ತಿದ್ದು ಸರಿಯಾಗಿ ಆ ಜಮೀನನ್ನೇ.

ಆ ಮನೆಗೆ ಇಬ್ಬರೂ ಹೋದೆವು. ಅಡ್ವಾನ್ಸ್ ಹಣ ಕವರ್‌ನಲ್ಲಿಟ್ಟುಕೊಂಡು, ಕಾರಣ ಏನೂ ಹೇಳದೆ, ಇಲ್ಲ ಹೋಗಿದೆ ಎಂದಷ್ಟೇ ಹೇಳಿದೆ. ಹುಡುಗಿಯ ತಂದೆ ಬಯ್ದರು. ನ್ಯಾಯವಾಗಿಯೇ ಬಯ್ದರು. ತಾಯಿ ಒಳಗೆ ಹೋದವರು ಹೊರಗೆ ಬರಲೇ ಇಲ್ಲ. ನನ್ನ ಹೆಂಡತಿ ಆ ಹುಡುಗಿಯ ಪಕ್ಕ ಕೂತು, ಮದುವೆಗೆ ಯಾರ್ಯಾರು ಬಂದಿದ್ದರು, ಯಾರ ಹತ್ತಿರ ಒಳ್ಳೆ ಫೋನ್ ಇತ್ತು ಎಂದು ಒಂದೊಂದೇ ಹೆಸರು ಬರೆದುಕೊಂಡಳು. ಎರಡು ತಿಂಗಳಲ್ಲಿ 37 ಜನರ ಫೋನ್‌ನಿಂದ ಫೋಟೋ ತಂದೆವು. ವಾಟ್ಸಾಪ್‌ನಲ್ಲಿ ಬಂದವು ಉದ್ದಕ್ಕೆ 1600 ಪಿಕ್ಸೆಲ್ ಇದ್ದವು, ಚೆನ್ನಾಗಿ ಪ್ರಿಂಟ್ ಮಾಡಿದರೆ ಐದು ಇಂಚು. ಹಾಗಾಗಿ ಅವರ ಆಲ್ಬಂ ಪುಸ್ತಕದ ಅಳತೆಯ ಚಿಕ್ಕದು. ದೊಡ್ಡ ಆಲ್ಬಂನಲ್ಲಿ ನಾನು ಎಂದೂ ಹಾಕದಂಥ ಫೋಟೋಗಳು ಅದರಲ್ಲಿವೆ. ಊಟದ ಸಾಲಿನಲ್ಲಿ ಹೋಳಿಗೆಗೆ ಕೈ ಚಾಚಿದ ಅಜ್ಜಿ, ಜನರೇಟರ್ ಪಕ್ಕ ಮಲಗಿರುವ ಓಲಗದವರು, ಒಂದರಲ್ಲಿ ಬೆವರು ಒರೆಸಿಕೊಳ್ಳುತ್ತಿರುವ ನಾನು. ಹಣ ತೆಗೆದುಕೊಳ್ಳಲಿಲ್ಲ. ಆ ತಂದೆ ಈಗಲೂ ನನ್ನ ಜೊತೆ ಮಾತಾಡುವುದಿಲ್ಲ.

ಉಳಿದವರಿಂದ ಯುಗಾದಿ ಹೊತ್ತಿಗೆ 2,70,000 ಬಂತು. ಡ್ರೋನ್ 62,000ಕ್ಕೆ ಮಾರಿದೆ. ಹೊಸ ಎಕ್ಸೆಲ್ ಫೈಲ್ ಈಗ ಗೂಗಲ್ ಡ್ರೈವ್‌ನಲ್ಲಿ ಅವಳ ಹೆಸರಿನಲ್ಲಿದೆ, ನಾನು ನೋಡಬಹುದು, ತಿದ್ದುವ ಅಧಿಕಾರ ಇಲ್ಲ. ಫೋಟೋಗಳ ಒಂದು ಪ್ರತಿ ಸ್ಟುಡಿಯೋದಲ್ಲಿ, ಇನ್ನೊಂದು ಮನೆಯಲ್ಲಿ, ಮೂರನೆಯದು ಅರಸೀಕೆರೆಯಲ್ಲಿ ಅವಳ ತವರಿನ ಬೀರುವಿನಲ್ಲಿ. ಯುಪಿಎಸ್‌ಗೆ ಹೊಸ ಬ್ಯಾಟರಿ. ಸರ 2025ರ ಗೌರಿ ಹಬ್ಬಕ್ಕೆ ಮನೆಗೆ ಬಂತು. ಇನ್ನು ಉಳಿದಿರುವುದು ಪರ್ಸನಲ್ ಲೋನ್ ಮತ್ತು ಕಾರ್ಡಿನ ಕಂತು, 2027ರ ಜೂನ್‌ವರೆಗೆ.

ಹೋದ ತಿಂಗಳು ಅಳಿಯ ಬಂದಾಗ ಹಳೆಯ ಡಿಸ್ಕ್ ಬಿಚ್ಚಿ ತಟ್ಟೆ ಹೊರಗೆ ತೆಗೆದ. ಇಷ್ಟು ಚೆನ್ನಾಗಿ ಹೊಳೆಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ, ಥೇಟ್ ಕನ್ನಡಿ. ಬಿಸಾಡಲು ಮನಸ್ಸಾಗದೆ ನನ್ನ ಹೆಂಡತಿ ಅದನ್ನು ಸ್ಟುಡಿಯೋದ ಬಾಗಿಲ ಪಕ್ಕ ಮೊಳೆಗೆ ಸಿಕ್ಕಿಸಿದ್ದಾಳೆ. ಪಾಸ್‌ಪೋರ್ಟ್ ಫೋಟೋಗೆ ಬಂದವರು ಅದರ ಮುಂದೆ ನಿಂತು ತಲೆ ಬಾಚಿಕೊಳ್ಳುತ್ತಾರೆ. ನಡುವೆ ತೂತಿರುವುದರಿಂದ ಮೂಗು ಮಾತ್ರ ಕಾಣುವುದಿಲ್ಲ ಎಂದು ದೂರುತ್ತಾರೆ.